ದೂರ ಎಸೆಯುವ ಮೊದಲು ಹತ್ತಿರ ನೋಡಿ: ಕಡಲ ಗಾಳದ ಬಗ್ಗೆ ಓದುಗರ ಪ್ರಶ್ನೆಗಳು

ಕಡಲಲ್ಲಿ ಗಾಳ ಹಾಕುವ ಬಗ್ಗೆ ನಿಮಗಿರುವ ಪ್ರಶ್ನೆ ಕಳಿಸಿ ಅಂದಿದ್ದೆವು. ಬಹಳಷ್ಟು ಜನ ಕೇಳಿದ್ದು ಒಂದೇ ತರದ ಪ್ರಶ್ನೆ. ಯಾವ ರಾಡ್ ತಗೊಳ್ಳಲಿ, ಎಷ್ಟು ದೂರ ಎಸೀಬೇಕು. ಅದಕ್ಕೂ ಉತ್ತರ ಕೆಳಗಿದೆ. ಆದರೆ ಬೀಚಾಗಲಿ ಬೋಟಾಗಲಿ, ಮೀನು ಸಿಗುವುದೂ ನೀವು ಸುರಕ್ಷಿತವಾಗಿ ವಾಪಸ್ ಬರುವುದೂ ನೀರನ್ನು ನೋಡಿ ಅರ್ಥ ಮಾಡಿಕೊಳ್ಳುವುದರ ಮೇಲೆ ನಿಂತಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಬೀಚಿನಿಂದ ಸುಮಾರು ನೂರು ಮೀಟರ್ ದೂರ ಎಸೆಯುತ್ತೇನೆ, ಮೀನೇ ಇಲ್ಲ. ಪಕ್ಕದಲ್ಲಿ ನಿಂತ ಹಿರಿಯರೊಬ್ಬರು ಕಾಲಬುಡದಲ್ಲೇ ಗಾಳ ಹಾಕಿ ಒಂದರ ಹಿಂದೆ ಒಂದು ಎಳೆಯುತ್ತಿದ್ದರು. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಎಸೆತ ಚೆನ್ನಾಗೇ ಇದೆ. ಜಾಗ ತಪ್ಪಿದೆ ಅಷ್ಟೆ. ನೀವು ಬಹುಶಃ ಮೀನನ್ನು ದಾಟಿ ಆಚೆಗೆ ಎಸೆಯುತ್ತಿದ್ದೀರಿ.

ಮರಳಿನ ಬೀಚು ಮೇಲ್ನೋಟಕ್ಕೆ ಒಂದೇ ಸಮ ಕಾಣುತ್ತದೆ. ನೀರಿನಡಿ ಹಾಗಿರುವುದಿಲ್ಲ. ದಡಕ್ಕೆ ಬಂದು ಬೀಳುವ ಅಲೆ ಅಲ್ಲೇ ಮರಳನ್ನು ಕೊರೆದು ಒಂದು ತಗ್ಗು ಮಾಡುತ್ತದೆ. ಅದರಾಚೆ ದಡದ ಉದ್ದಕ್ಕೂ ಒಂದು ಮರಳ ದಿಬ್ಬ, ದಿಬ್ಬದಾಚೆ ಮತ್ತೆ ತಗ್ಗು, ಕೆಲವು ಕಡೆ ಅದಕ್ಕೂ ಆಚೆ ಇನ್ನೊಂದು ದಿಬ್ಬ. ಅಲೆ ಮರಳನ್ನು ಕೆದಕಿದಾಗ ಹೊರಗೆ ಬರುವ ಹುಳು, ಚಿಪ್ಪು, ಸಣ್ಣ ಏಡಿ, ಸೀಗಡಿ ಎಲ್ಲ ಈ ತಗ್ಗಿಗೆ ಬಂದು ಸೇರುತ್ತವೆ. ಮೀನು ಅವನ್ನು ಹುಡುಕಿಕೊಂಡು ಬರುತ್ತದೆ. ನೀರು ಏರುತ್ತಿರುವಾಗ, ಬೆಳಕು ಕಮ್ಮಿ ಇರುವಾಗ ಮೊಣಕಾಲುದ್ದದ ನೀರಿಗೂ ಒಳ್ಳೇ ಗಾತ್ರದ ಮೀನು ಬರುತ್ತದೆ. ಆ ಹೊತ್ತಿನಲ್ಲಿ ನೀವು ಸೊಂಟದವರೆಗೆ ನೀರಿಗಿಳಿದು ನಿಂತರೆ ಮೀನು ಇರುವ ಜಾಗದಲ್ಲೇ ನಿಂತ ಹಾಗಾಯಿತು, ಅಲ್ವಾ?

ಇದನ್ನು ಕಣ್ಣಾರೆ ನೋಡಬೇಕಾದರೆ ನೀರು ಪೂರ್ತಿ ಇಳಿದ ಹೊತ್ತಿನಲ್ಲಿ ರಾಡ್ ಮನೆಯಲ್ಲೇ ಬಿಟ್ಟು ಒಮ್ಮೆ ಬೀಚಿನುದ್ದ ನಡೆದು ಬನ್ನಿ. ಎಲ್ಲಿ ಗುಂಡಿ ಇದೆ, ಎಲ್ಲಿ ದಿಬ್ಬ ತುಂಡಾಗಿದೆ, ಎಲ್ಲಿ ಚಿಪ್ಪು ರಾಶಿ ಬಿದ್ದಿದೆ, ಎಲ್ಲಿ ಬಂಡೆ ತಲೆ ಎತ್ತಿದೆ ಎಲ್ಲ ಕಾಣುತ್ತದೆ. ದಡದ ಮೇಲಿನ ಯಾವುದಾದರೂ ಮರವನ್ನೋ ಕಂಬವನ್ನೋ ಗುರುತಿಟ್ಟುಕೊಂಡು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ನೀರು ತುಂಬಿದ ಮೇಲೆ ಆ ಫೋಟೊನೇ ನಿಮ್ಮ ನಕ್ಷೆ. ದೊಡ್ಡ ಗಾಳಿಮಳೆ ಬಂದು ಹೋದರೆ ಮಾತ್ರ ಮತ್ತೆ ಹೋಗಿ ನೋಡಬೇಕು, ಮರಳು ಜಾಗ ಬದಲಿಸಿರುತ್ತದೆ.

ನೀರು ತುಂಬಿದಾಗಲೂ ಗುರುತು ಸಿಗುತ್ತದೆ. ಅಲೆ ಎಲ್ಲಿ ಬೆಳ್ಳಗೆ ಒಡೆಯುತ್ತದೋ ಅಲ್ಲಿ ದಿಬ್ಬ. ಒಡೆದ ಅಲೆ ಮತ್ತೆ ಸುಮ್ಮನಾಗಿ ನೀರು ಕಡು ಬಣ್ಣಕ್ಕೆ ತಿರುಗುವಲ್ಲಿ ತಗ್ಗು. ಒಡೆಯುವ ಅಲೆಯ ಸಾಲಿನಲ್ಲಿ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೊರೆ ಕಡಲಿನ ಕಡೆಗೆ ಜಾರುತ್ತಿದ್ದರೆ ಅಲ್ಲಿ ದಿಬ್ಬ ತುಂಡಾಗಿದೆ ಅಂತ. ಮೀನು ಒಳಗೆ ಹೊರಗೆ ಓಡಾಡುವ ಬಾಗಿಲು ಅದು. ನಾನಾದರೆ ಇಡೀ ಬೀಚಿನಲ್ಲಿ ಮೊದಲು ಆ ಬಾಗಿಲಿನ ಎರಡೂ ಅಂಚಿಗೆ ಗಾಳ ಹಾಕಿ ನೋಡುತ್ತೇನೆ.

ಕಣ್ಣಿಗೆ ಕಾಣದ್ದನ್ನು ಸೀಸ, ಅಂದರೆ ದಾರಕ್ಕೆ ಕಟ್ಟುವ ಭಾರದ ಗುಂಡು, ಹೇಳುತ್ತದೆ. ಗಾಳ ಕಟ್ಟದೆ ಬರೀ ಸೀಸ ಕಟ್ಟಿ ಎಸೆಯಿರಿ, ತಳ ಮುಟ್ಟಿದ ಮೇಲೆ ನಿಧಾನವಾಗಿ ಎಳೆಯುತ್ತಾ ಬನ್ನಿ. ರಾಡಿನ ತುದಿ ಬಾಗಿ ಭಾರ ಅನಿಸಿದರೆ ಸೀಸ ದಿಬ್ಬ ಹತ್ತುತ್ತಿದೆ. ಇದ್ದಕ್ಕಿದ್ದ ಹಾಗೆ ಹಗುರವಾಗಿ ದಾರ ಸಡಿಲಾದರೆ ತಗ್ಗಿಗೆ ಇಳಿದಿದೆ. ಕಟಕಟ ಅಂತ ಕೈಗೆ ತಾಗಿದರೆ ಕಲ್ಲು, ಚಿಪ್ಪು. ಆಮೇಲೆ ನಿಜವಾದ ಎಸೆತ ಶುರು ಮಾಡಿ. ಮೊದಲನೇದು ಒಣ ಮರಳಿನ ಮೇಲೆ ನಿಂತು ಹತ್ತು ಹದಿನೈದು ಮೀಟರಿಗೆ. ನಂತರ ಸ್ವಲ್ಪ ಸ್ವಲ್ಪವೇ ದೂರ, ಬೀಸಣಿಗೆ ಬಿಚ್ಚಿದ ಹಾಗೆ ಎಡದಿಂದ ಬಲಕ್ಕೆ. ಅರ್ಧ ಗಂಟೆ ಏನೂ ತಾಗದಿದ್ದರೆ ಜಾಗ ಬದಲಿಸಿ. ಒಂದೇ ಕಡೆ ರಾಡ್ ನೆಟ್ಟು ಕೂತು ಕಾಯುವವರಿಗಿಂತ ನಡೆಯುವವರಿಗೆ ಮೀನು ಜಾಸ್ತಿ ಸಿಗುತ್ತದೆ.

ಪ್ರಶ್ನೆ: ದಿಬ್ಬ ತುಂಡಾದ ಜಾಗದಲ್ಲಿ ನೀರಿನ ಸೆಳೆತ ಇರುತ್ತದೆ ಅಂತ ಕೇಳಿದ್ದೇನೆ. ಅಲ್ಲೇ ಗಾಳ ಹಾಕುವುದು ಅಪಾಯ ಅಲ್ವಾ?

ಉತ್ತರ: ಗಾಳ ಹಾಕುವುದು ಅಪಾಯ ಅಲ್ಲ, ಅಲ್ಲಿ ನೀರಿಗಿಳಿಯುವುದು ಅಪಾಯ. ರಿಪ್ ಕರೆಂಟ್ ಅನ್ನುವುದು ಇದೇ. ಅಲೆ ತಂದು ಹಾಕಿದ ನೀರೆಲ್ಲ ಆ ಕಿಂಡಿಯಿಂದ ವಾಪಸ್ ಹೋಗುತ್ತದೆ. ಜೋರಿದ್ದಾಗ ಸೆಕೆಂಡಿಗೆ ಎರಡು ಮೀಟರಿಗಿಂತಲೂ ವೇಗ. ಎಂಥ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ಗೆಲ್ಲುವುದಿಲ್ಲ. ಅದರ ಪಕ್ಕದಲ್ಲಿ ಒಣ ಮರಳಿನ ಮೇಲೆ ನಿಂತು ಅಂಚಿಗೆ ಎಸೆಯಿರಿ, ಸಾಕು.

ಅಕಸ್ಮಾತ್ ಕಾಲು ಜಾರಿ ಸೆಳೆತಕ್ಕೆ ಸಿಕ್ಕಿದರೆ ರಾಡ್ ಕೈಬಿಡಿ. ಯಾವ ರಾಡೂ ಜೀವಕ್ಕಿಂತ ದೊಡ್ಡದಲ್ಲ. ದಡದ ಕಡೆಗೆ ಈಜಲು ಹೋಗಬೇಡಿ, ಸುಸ್ತಾಗಿ ಮುಳುಗುವುದು ಆಗಲೇ. ತೇಲುತ್ತಾ ಉಸಿರು ಹಿಡಿತಕ್ಕೆ ತನ್ನಿ, ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡದ ಉದ್ದಕ್ಕೆ, ಅಡ್ಡವಾಗಿ ಈಜಿ. ಸೆಳೆತದ ಅಗಲ ಸಾಮಾನ್ಯವಾಗಿ ಜಾಸ್ತಿ ಇರುವುದಿಲ್ಲ. ಪಕ್ಕದಲ್ಲಿ ಅಲೆ ಬೆಳ್ಳಗೆ ಒಡೆಯುವ ಕಡೆ ಬಂದಿರೆಂದರೆ ಆ ಅಲೆಯೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಎದೆಮಟ್ಟದ ವೇಡರ್ (ನೀರು ಒಳಗೆ ಬಾರದ ಉದ್ದನೆಯ ಪ್ಯಾಂಟು) ಹಾಕುವವರು ಸೊಂಟದ ಮೇಲೆ ಬೆಲ್ಟ್ ಬಿಗಿದುಕೊಳ್ಳದೆ ನೀರಿಗೆ ಇಳಿಯಲೇಬಾರದು. ಬಿದ್ದರೆ ಒಳಗೆ ನೀರು ತುಂಬಿ ಏಳಲಿಕ್ಕೆ ಆಗುವುದಿಲ್ಲ. ಮತ್ತೆ, ಕಡಲಿಗೆ ಬೆನ್ನು ಹಾಕಿ ಗಾಳಕ್ಕೆ ಎರೆ ಚುಚ್ಚುತ್ತಾ ನಿಲ್ಲಬೇಡಿ.

ಪ್ರಶ್ನೆ: ದೊಡ್ಡ ಮೀನು ಹಿಡಿದಾಗಲೆಲ್ಲ ದಾರ ತುಂಡಾಗುತ್ತದೆ. 20 ಪೌಂಡ್ ಭಾರ ತಡೆಯುವುದು ಇತ್ತು, ಈಗ 30ಕ್ಕೆ ಬದಲಿಸಿದೆ. ಆದರೂ ಅದೇ ಕಥೆ. ಇನ್ನೂ ದಪ್ಪದ್ದು ಹಾಕಲಾ?

ಉತ್ತರ: ಬೇಡ. ಮೊದಲು ತುಂಡಾದ ದಾರದ ತುದಿ ನೋಡಿ. ಅದು ಎಲ್ಲವನ್ನೂ ಹೇಳುತ್ತದೆ. ತುದಿ ಸಣ್ಣ ಸುರುಳಿಯಾಗಿ ಸುತ್ತಿಕೊಂಡಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿ ಬಿಚ್ಚಿದೆ. ಬ್ಲೇಡಿನಲ್ಲಿ ಕುಯ್ದ ಹಾಗೆ ನೀಟಾಗಿದ್ದರೆ ಅಂಜಲ್, ಬರಾಕುಡ ತರದ ಮೀನಿನ ಹಲ್ಲು. ಅದಕ್ಕೆ ಸಣ್ಣದೊಂದು ತಂತಿಯ ಲೀಡರ್, ಅಂದರೆ ದಾರಕ್ಕೂ ಗಾಳಕ್ಕೂ ನಡುವೆ ಕಟ್ಟುವ ಗಟ್ಟಿ ತುಂಡು, ಬೇಕು. ತುದಿಯಿಂದ ಒಂದೆರಡು ಅಡಿ ತನಕ ಉಜ್ಜಿ ಒರಟಾಗಿ ಬೆಳ್ಳಗಾಗಿದ್ದರೆ ಬಂಡೆಯೋ ಚಿಪ್ಪೋ ಕೆರೆದಿದೆ. ಇದ್ಯಾವುದೂ ಅಲ್ಲ, ಬಿಗಿಯಾಗಿ ಎಳೆದು ಪಟ್ ಅಂತ ಹೋಗಿದೆ ಅಂದರೆ ನಿಮ್ಮ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕ್, ಸರಿ ಇಲ್ಲ.

ಹೆಚ್ಚಿನವರದ್ದು ಈ ಕೊನೆಯದೇ. ಡ್ರ್ಯಾಗನ್ನು ಕೈಯಲ್ಲಿ ಎಳೆದು ನೋಡಿ ಅಂದಾಜಿನ ಮೇಲೆ ಬಿಗಿ ಮಾಡುತ್ತಾರೆ. ಲಗೇಜು ತೂಗುವ ಸಣ್ಣ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದಕ್ಕೆ ದಾರದ ತುದಿ ಕಟ್ಟಿ. ರಾಡನ್ನು ಮೀನು ಆಡಿಸುವಾಗ ಹಿಡಿಯುವ ಹಾಗೆ ಓರೆಯಾಗಿ ಹಿಡಿದು, ಇನ್ನೊಬ್ಬರ ಕೈಯಲ್ಲಿ ತಕ್ಕಡಿ ಎಳೆಸಿ. ಸ್ಪೂಲ್ (ರೀಲಿನಲ್ಲಿ ದಾರ ಸುತ್ತಿರುವ ಉರುಳೆ) ತಿರುಗಲು ಶುರುವಾಗುವ ತೂಕ ದಾರದ ಶಕ್ತಿಯ ಕಾಲು ಭಾಗ ಇರಬೇಕು. ಜಾಸ್ತಿ ಅಂದರೆ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಮ್ಮಿ. 20 ಪೌಂಡ್ ದಾರಕ್ಕೆ 5 ಪೌಂಡ್, ಅಂದರೆ ಸುಮಾರು 2.3 ಕಿಲೊ. ಕೈಗೆ ಇದು ತೀರಾ ಸಡಿಲ ಅನಿಸುತ್ತದೆ. ನಂಬಿ, ಇಷ್ಟೇ ಸಾಕು.

ಯಾಕೆ ಇಷ್ಟು ಕಮ್ಮಿ ಅಂದರೆ, ಮೀನು ಓಡುತ್ತಾ ಹೋದ ಹಾಗೆ ಡ್ರ್ಯಾಗ್ ತಾನಾಗೇ ಬಿಗಿಯಾಗುತ್ತದೆ. ಸ್ಪೂಲಿನಲ್ಲಿ ದಾರ ಖಾಲಿಯಾಗಿ ಸುತ್ತಳತೆ ಅರ್ಧಕ್ಕೆ ಬಂತು ಅಂದರೆ ಅದೇ ಡ್ರ್ಯಾಗ್ ಈಗ ಎರಡು ಪಟ್ಟು. 2.3 ಇದ್ದದ್ದು 4.6 ಕಿಲೊ. ಅದರ ಮೇಲೆ ಉದ್ದ ದಾರವನ್ನು ನೀರಲ್ಲಿ ಎಳೆಯುವ ಭಾರ, ರಾಡಿನ ರಿಂಗುಗಳಲ್ಲಿ ಆಗುವ ಉಜ್ಜಾಟ. ಮೀನು ದೂರ ಓಡಿದಾಗ ಗಾಬರಿಯಾಗಿ ಡ್ರ್ಯಾಗ್ ತಿರುಗಿಸಿ ಇನ್ನೂ ಬಿಗಿ ಮಾಡುತ್ತಾರಲ್ಲ, ಸರಿಯಾಗಿ ಅದೇ ಹೊತ್ತಿಗೆ ದಾರ ಹೋಗುವುದು. ಆಗ ಬೇಕಿದ್ದರೆ ಸ್ವಲ್ಪ ಸಡಿಲ ಮಾಡಬೇಕು.

ಗಂಟಿನ ವಿಷಯಕ್ಕೆ ಬಂದರೆ, ಎರಡೇ ಗಂಟು ಚೆನ್ನಾಗಿ ಕಲಿಯಿರಿ. ಗಾಳಕ್ಕೆ ಯುನಿ ಅಥವಾ ಪಾಲೋಮಾರ್. ಬ್ರೇಡನ್ನು (ಎಳೆಗಳನ್ನು ಹೆಣೆದು ಮಾಡಿದ ತೆಳು ದಾರ) ಲೀಡರಿಗೆ ಸೇರಿಸಲು ಡಬಲ್ ಯುನಿ. ಕೈ ಪಳಗಿದ ಮೇಲೆ ಎಫ್‌ಜಿ ಗಂಟು ಕಲಿಯಿರಿ. ಅದು ತೆಳ್ಳಗಿರುವುದರಿಂದ ರಿಂಗಿನೊಳಗೆ ಸಲೀಸಾಗಿ ಹೋಗುತ್ತದೆ. ಬಿಗಿ ಮಾಡುವ ಮೊದಲು ಎಂಜಲು ಹಚ್ಚಿಯಾದರೂ ಸರಿ, ಗಂಟನ್ನು ಒದ್ದೆ ಮಾಡಿ. ಒಣ ಗಂಟನ್ನು ಜಗ್ಗಿದರೆ ಉಜ್ಜಿದ ಬಿಸಿಗೆ ನೈಲಾನ್ ಸುಟ್ಟು ಸೊರಗುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಎರಡು ಅಡಿಯನ್ನು ಉಗುರಿನ ಮೇಲೆ ಎಳೆದು ನೋಡಿ. ಒರಟು ತಾಗಿದರೆ ಕತ್ತರಿಸಿ ಹೊಸ ಗಂಟು ಹಾಕಿ.

ಪ್ರಶ್ನೆ: ಜೋರಾಗಿ ಬೀಸಿದಾಗ ದಾರ ತುಂಡಾಗಿ ಸೀಸ ಎಲ್ಲೋ ಹಾರಿ ಹೋಯಿತು. ಯಾರಿಗೂ ತಾಗಲಿಲ್ಲ, ಪುಣ್ಯ. ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಶಾಕ್ ಲೀಡರ್, ಅಂದರೆ ದಾರದ ತುದಿಗೆ ಸೇರಿಸುವ ದಪ್ಪ ದಾರ, ಕಟ್ಟಿ. ಇದು ಬೇಕಾದರೆ ಹಾಕುವ ವಸ್ತು ಅಲ್ಲ, ಹಾಕಲೇಬೇಕಾದದ್ದು. ಲೆಕ್ಕ ಸುಲಭ. ಸೀಸದ ಪ್ರತಿ ಔನ್ಸಿಗೆ 10 ಪೌಂಡ್. ಒಂದು ಔನ್ಸ್ ಅಂದರೆ 28 ಗ್ರಾಂ. ಹಾಗಾಗಿ 4 ಔನ್ಸ್, ಅಂದರೆ ಸುಮಾರು 113 ಗ್ರಾಂ ಸೀಸಕ್ಕೆ 40 ಪೌಂಡಿನ ನೈಲಾನ್ ಲೀಡರ್. ಉದ್ದ ಎಷ್ಟೆಂದರೆ, ಎಸೆಯಲು ರೆಡಿಯಾಗಿ ಸೀಸ ತೂಗಾಡುತ್ತಿರುವಾಗ ಸ್ಪೂಲಿನ ಮೇಲೆ ಲೀಡರ್ ಇನ್ನೂ ನಾಲ್ಕೈದು ಸುತ್ತು ಉಳಿದಿರಬೇಕು. ಬೀಸುವ ಪೂರ್ತಿ ಜೋರು ಆ ದಪ್ಪ ದಾರದ ಮೇಲೆ ಬೀಳುತ್ತದೆ. ಆಚೆ ತೆಳ್ಳಗಿನ ದಾರ ಸುಮ್ನೆ ಹಿಂಬಾಲಿಸುತ್ತದೆ.

ಬ್ರೇಡ್ ಬಳಸುವವರು ತೋರುಬೆರಳಿಗೆ ಟೇಪೋ ಚರ್ಮದ ಬೆರಳುಚೀಲವೋ ಹಾಕಿಕೊಳ್ಳಿ. ಚರ್ಮ ಕುಯ್ದುಬಿಡುತ್ತದೆ. ಬೀಸುವ ಮೊದಲು ಹಿಂದೆ ತಿರುಗಿ ನೋಡುವುದು ಪ್ರತಿ ಸಲವೂ, ಬೀಚು ಖಾಲಿ ಇದ್ದರೂ. ಮಕ್ಕಳು ಯಾವಾಗ ಓಡಿ ಬರುತ್ತಾರೆ ಅಂತ ಹೇಳಲಾಗದು.

ಪ್ರಶ್ನೆ: ಒಂದೇ ರಾಡು ಬೀಚಿಗೂ ಬೋಟಿಗೂ ಆಗುತ್ತದಾ?

ಉತ್ತರ: ಆಗುವುದಿಲ್ಲ. ಬೀಚಿನ ರಾಡು ಮೂರೂವರೆ ಮೀಟರ್ ಆಸುಪಾಸು ಇದ್ದರೆ ದಾರ ಅಲೆಯ ಮೇಲೆ ನಿಲ್ಲುತ್ತದೆ. ಬೋಟಿನಲ್ಲಿ ಅದು ಬರೀ ತೊಂದರೆ, ಅಲ್ಲಿಗೆ ಎರಡು ಮೀಟರ್ ಒಳಗಿನ ಗಟ್ಟಿ ರಾಡು ಬೇಕು. ರೀಲ್ ಬೇಕಾದರೆ ಎರಡಕ್ಕೂ ಒಂದೇ ಇರಲಿ. 6000ದಿಂದ 8000 ಗಾತ್ರದ ಸ್ಪಿನ್ನಿಂಗ್ ರೀಲ್ ಬೀಚಿಗೂ ಸಾಧಾರಣ ಬೋಟ್ ಮೀನುಗಾರಿಕೆಗೂ ನಡೆಯುತ್ತದೆ. ದುಡ್ಡು ಹಾಕುವುದಾದರೆ ರಾಡಿಗಿಂತ ರೀಲಿನ ಡ್ರ್ಯಾಗ್ ಮೇಲೆ ಹಾಕಿ. ಅದು ತಡವರಿಸದೆ ನುಣ್ಣಗೆ ಬಿಡಬೇಕು.

ಪ್ರಶ್ನೆ: ಉಬ್ಬರ ಒಳ್ಳೆಯದಾ, ಇಳಿತ ಒಳ್ಳೆಯದಾ? ಹುಣ್ಣಿಮೆ ಅಮಾವಾಸ್ಯೆಗೆ ಮೀನು ಜಾಸ್ತಿ ಅನ್ನುವುದು ನಿಜವಾ?

ಉತ್ತರ: ನೀರು ಚಲಿಸುತ್ತಿರುವುದು ಮುಖ್ಯ, ಯಾವ ಕಡೆಗೆ ಅನ್ನುವುದು ಆಮೇಲಿನದ್ದು. ನೀರು ನಿಂತಾಗ ಎರೆಯ ವಾಸನೆ ಹರಡುವುದಿಲ್ಲ, ಸಣ್ಣ ಮೀನು ಒಂದು ಕಡೆ ಒತ್ತಿ ಸೇರುವುದಿಲ್ಲ, ದೊಡ್ಡದೂ ಸುಮ್ಮನಿರುತ್ತದೆ. ಬೀಚಿನಲ್ಲಿ ನಾನು ನೆಚ್ಚಿಕೊಳ್ಳುವುದು ತುಂಬು ನೀರಿಗೆ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ. ಅಳಿವೆಯ ಬಾಯಲ್ಲಾದರೆ ನೀರು ಇಳಿಯುವ ಹೊತ್ತು. ಆಗ ಒಳಗಿನ ಸೀಗಡಿ, ಸಣ್ಣ ಮೀನು ಎಲ್ಲ ಹೊರಗೆ ಬರುತ್ತವೆ, ದೊಡ್ಡದು ಬಾಯಲ್ಲೇ ಕಾದಿರುತ್ತದೆ.

ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ಎಳೆಯುವುದರಿಂದ ಉಬ್ಬರ ಇಳಿತದ ಅಂತರ ಜಾಸ್ತಿ, ನೀರಿನ ಓಟವೂ ಜಾಸ್ತಿ. ಅದು ಮೀನಿಗೆ ಒಳ್ಳೆಯದೇ, ಆದರೆ ಓಟ ಅತಿಯಾದರೆ ನಿಮ್ಮ ಸೀಸ ನಿಲ್ಲುವುದಿಲ್ಲ. ಉರುಟು ಸೀಸದ ಬದಲು ಪಿರಮಿಡ್ ಆಕಾರದ್ದೋ, ತಂತಿಯ ಕಾಲಿರುವುದೋ ಹಾಕಿ, ಮರಳಿಗೆ ಕಚ್ಚಿಕೊಳ್ಳುತ್ತದೆ. ದಿನಕ್ಕೆ ಎರಡು ಉಬ್ಬರ ಇರುವ ಕಡೆ ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಾಳೆಯ ತುಂಬು ನೀರು ಇವತ್ತಿಗಿಂತ ಹತ್ತಿರ ಹತ್ತಿರ 50 ನಿಮಿಷ ತಡ. ಆದರೆ ಎಲ್ಲ ಕಡಲಿಗೂ ಒಂದೇ ಅಳತೆ ಅಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅಂತರ 16 ಮೀಟರ್ ತನಕ ಹೋಗುತ್ತದೆ. ಮೆಡಿಟರೇನಿಯನ್‌ನ ಬಹುಪಾಲು ಕಡೆ ಅರ್ಧ ಮೀಟರೂ ಇಲ್ಲ. ನೀವು ಹೋಗುವ ಜಾಗದ ಉಬ್ಬರದ ಪಟ್ಟಿಯನ್ನೇ ನೋಡಬೇಕು.

ಪ್ರಶ್ನೆ: ಬೀಚಿನಲ್ಲಿ ಮೀನು ಕಾಲ ಹತ್ತಿರ ಬಂದ ಮೇಲೇ ತಪ್ಪಿಸಿಕೊಳ್ಳುತ್ತದೆ. ಹೊಟ್ಟೆ ಉರಿಯುತ್ತದೆ.

ಉತ್ತರ: ಉರಿಯದೆ ಇರುತ್ತಾ! ಕೊನೆಯ ಐದು ಮೀಟರಿನಲ್ಲಿ ಎಳೆಯಬೇಕಾದದ್ದು ನೀವಲ್ಲ, ಅಲೆ. ಒಂದು ಅಲೆ ಮೀನಿನ ಹಿಂದಿನಿಂದ ಏಳುವುದನ್ನು ಕಾಯಿರಿ. ಅದು ಮೀನನ್ನು ಎತ್ತಿ ದಡಕ್ಕೆ ತರುವಾಗ ದಾರ ಸಡಿಲಾಗದಂತೆ ರೀಲ್ ಸುತ್ತುತ್ತಾ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಯಿರಿ. ಅಲೆ ವಾಪಸ್ ಹೋಗುವಾಗ ಮೀನಿನ ಭಾರದ ಜೊತೆ ನೀರಿನ ಭಾರವೂ ಸೇರುತ್ತದೆ. ಆಗ ಎಳೆಯಬೇಡಿ, ಬೇಕಾದರೆ ದಾರ ಬಿಡಿ, ಮೀನಿನ ಜೊತೆ ನೀವೂ ಮುಂದಕ್ಕೆ ನಡೆಯಿರಿ. ಮುಂದಿನ ಅಲೆಗೆ ಮತ್ತೆ ಹಿಂದಕ್ಕೆ. ನೀರು ಇಳಿದು ಮೀನು ಮರಳಿನ ಮೇಲೆ ಉಳಿದ ಕ್ಷಣ ಓಡಿ ಹೋಗಿ ಹಿಡಿಯಿರಿ. ದಾರವನ್ನು ಕೈಗೆ ಸುತ್ತಿಕೊಂಡು ಮಾತ್ರ ಎಳೆಯಬೇಡಿ.

ಪ್ರಶ್ನೆ: ಸರ್ಕಲ್ ಹುಕ್ ಹಾಕಿದ ಮೇಲೆ ಒಂದು ಮೀನೂ ನಿಲ್ಲುತ್ತಿಲ್ಲ. ತಾಗಿದ ತಕ್ಷಣ ಜೋರಾಗಿ ಎಳೆಯುತ್ತೇನೆ, ಬರಿಗಾಳ ಬರುತ್ತದೆ.

ಉತ್ತರ: ಎಳೆಯುವುದೇ ತೊಂದರೆ. ಸರ್ಕಲ್ ಹುಕ್ಕಿನ ತುದಿ ಒಳಕ್ಕೆ ಬಾಗಿರುತ್ತದೆ. ಮೀನು ಎರೆ ನುಂಗಿ ತಿರುಗಿ ಹೊರಟಾಗ ಅದು ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಯಲ್ಲಿ ತಾನೇ ಕಚ್ಚಿಕೊಳ್ಳುತ್ತದೆ. ನೀವು ಜಗ್ಗಿದರೆ ಅದು ತಿರುಗುವ ಮೊದಲೇ ಹೊರಗೆ ಬರುತ್ತದೆ. ರಾಡ್ ಮುಟ್ಟದೆ ಬಿಡಿ. ಭಾರ ನಿಂತಿತು ಅಂದಾಗ ನಿಧಾನವಾಗಿ ಸುತ್ತಲು ಶುರು ಮಾಡಿ, ಅಷ್ಟೇ. ಇನ್ನೊಂದು ವಿಷಯ, ಬಂಗುಡೆಯ ತುಂಡಾಗಲಿ ಬೊಂಡಾಸಾಗಲಿ, ಗಾಳದ ಬಾಯಿ ತುಂಬ ಎರೆ ತುರುಕಬೇಡಿ. ತುದಿಯೂ ಅದರ ಎದುರಿನ ಸಂದೂ ಖಾಲಿ ಕಾಣುತ್ತಿರಬೇಕು.

ಗಂಟಲಿಗೆ ಇಳಿಯದ ಕಾರಣ ಬಿಡುವ ಮೀನು ಬದುಕುವ ಸಾಧ್ಯತೆ ತುಂಬ ಹೆಚ್ಚು. ಅಮೆರಿಕದ ಅಟ್ಲಾಂಟಿಕ್ ಕಡೆಯ ಬಿಲ್‌ಫಿಶ್ (ಈಟಿಯಂಥ ಮೂತಿಯ ಮಾರ್ಲಿನ್ ತರದ ಮೀನು) ಸ್ಪರ್ಧೆಗಳಲ್ಲಿ ನಿಜ ಎರೆ ಹಾಕುವವರು 2008ರಿಂದ ಸರ್ಕಲ್ ಹುಕ್ಕನ್ನೇ ಬಳಸಬೇಕು ಅನ್ನುವ ನಿಯಮ ಇರುವುದು ಇದೇ ಕಾರಣಕ್ಕೆ. ಹಾಗಾಗಿ ದಯವಿಟ್ಟು ಇದನ್ನು ಬಿಟ್ಟು ಹಳೆಯ ಗಾಳಕ್ಕೆ ಹೋಗಬೇಡಿ.

ಪ್ರಶ್ನೆ: ಮೊದಲ ಸಲ ಬೋಟಿನಲ್ಲಿ ಹೋಗುತ್ತಿದ್ದೇವೆ. ವಾಂತಿಯ ಭಯ. ಏನೇನು ನೋಡಿಕೊಳ್ಳಬೇಕು?

ಉತ್ತರ: ಮಾತ್ರೆಯನ್ನು ಡಾಕ್ಟರಿಗೆ ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಕೆಲಸ ಮಾಡುವುದು ಕಷ್ಟ. ಖಾಲಿ ಹೊಟ್ಟೆಯಲ್ಲೂ ಬೇಡ, ಎಣ್ಣೆ ಪದಾರ್ಥ ತುಂಬಿಕೊಂಡೂ ಬೇಡ. ಬೋಟಿನ ನಡುವೆ, ತಗ್ಗಿನಲ್ಲಿ ಕೂತರೆ ಅಲುಗಾಟ ಕಮ್ಮಿ. ಎಂಜಿನ್ ಹೊಗೆಯಿಂದ ದೂರ ಇರಿ, ಮೊಬೈಲ್ ಒಳಗಿಡಿ, ಕಣ್ಣು ಕಡಲು ಆಕಾಶ ಸೇರುವ ಗೆರೆಯ ಮೇಲಿರಲಿ. ಗಂಟು ಕಟ್ಟುವ ಕೆಲಸ ಎಲ್ಲ ದಡದಲ್ಲೇ ಮುಗಿಸಿಕೊಳ್ಳಿ. ತಲೆ ಬಗ್ಗಿಸಿ ಸಣ್ಣ ಕೆಲಸ ಮಾಡಿದಾಗಲೇ ಹೆಚ್ಚಿನವರಿಗೆ ಶುರುವಾಗುವುದು.

ಇದಕ್ಕಿಂತ ಮುಖ್ಯವಾದದ್ದು ಲೈಫ್ ಜಾಕೆಟ್. ಸೀಟಿನಡಿ ಇದ್ದರೆ ಸಾಲದು, ಮೈಮೇಲಿರಬೇಕು. ಸಣ್ಣ ಬೋಟಾದರೆ ಓಡಿಸುವವರು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಬಳ್ಳಿಯನ್ನು ಮೈಗೆ ಸಿಕ್ಕಿಸಿಕೊಂಡಿರಬೇಕು. ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ವಾಪಸ್ ಅಂತ ದಡದಲ್ಲಿರುವ ಒಬ್ಬರಿಗೆ ಬರೆದು ಕೊಡಿ. ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್ ತುರ್ತು ಕರೆಗೆ ಅಂತ ಬೋಟಿನಲ್ಲಿರುವ ಎಲ್ಲರಿಗೂ ಗೊತ್ತಿರಲಿ. ಗುಡುಗು ಕೇಳಿದ ತಕ್ಷಣ ರಾಡ್ ಕೆಳಗಿಟ್ಟು ದಡಕ್ಕೆ ಹೊರಡಿ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. ಹವಾಮಾನ ಚೆನ್ನಾಗಿಲ್ಲ ಅನಿಸಿದರೆ ಹೋಗಲೇಬೇಡಿ.

ಪ್ರಶ್ನೆ: ಬಂಡೆ ಇರುವ ಕಡೆ ಲಂಗರು ಹಾಕಿ ಹಿಡಿಯುವುದು ಒಳ್ಳೆಯದಾ, ಬೋಟನ್ನು ತೇಲಲು ಬಿಟ್ಟು ಹಿಡಿಯುವುದಾ?

ಉತ್ತರ: ಮೊದಲು ತೇಲಲು ಬಿಡಿ. ಎಂಜಿನ್ ನಿಲ್ಲಿಸಿ, ಗಾಳಿ ಮತ್ತು ನೀರು ಬೋಟನ್ನು ಯಾವ ಕಡೆ ಒಯ್ಯುತ್ತದೆ ಅಂತ ಐದು ನಿಮಿಷ ನೋಡಿ. ಆಮೇಲೆ ಬಂಡೆಗಿಂತ ಮೇಲ್ಗಡೆ, ಅಂದರೆ ಗಾಳಿ ನೀರು ಬರುವ ಕಡೆಗೆ, ಹೋಗಿ ಅದರ ಮೇಲೆ ತೇಲಿಕೊಂಡು ಬನ್ನಿ. ಮೀನು ತಾಗಿದ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ. ಎರಡು ಮೂರು ಸುತ್ತಿನಲ್ಲಿ ಮೀನು ಬಂಡೆಯ ಯಾವ ಬದಿಯಲ್ಲಿದೆ ಅಂತ ಗೊತ್ತಾಗುತ್ತದೆ. ಹೆಚ್ಚಾಗಿ ಅದು ನೀರು ಬಂದು ಬಡಿಯುವ ಬದಿ. ಆಗ ಬೇಕಿದ್ದರೆ ಲಂಗರು. ಲಂಗರನ್ನು ಬಂಡೆಯ ಮೇಲೆ ಹಾಕಬೇಡಿ, ಹವಳ ಇದ್ದರಂತೂ ಖಂಡಿತ ಬೇಡ. ಮೇಲ್ಗಡೆ ಮರಳಿನಲ್ಲಿ ಹಾಕಿ, ನಿಮ್ಮ ಎರೆ ಬಂಡೆಯ ಕಡೆ ಹರಿದು ಹೋಗುವ ಹಾಗೆ ಹಗ್ಗ ಬಿಡಿ. ಹಗ್ಗದ ಉದ್ದ ಆಳದ ಐದರಿಂದ ಏಳು ಪಟ್ಟು ಇರಬೇಕು. 10 ಮೀಟರ್ ಆಳಕ್ಕೆ 50ರಿಂದ 70 ಮೀಟರ್. ಕಟ್ಟುವುದು ಬೋಟಿನ ಮೂತಿಗೆ ಮಾತ್ರ. ಹಿಂದಿನ ತುದಿಗೆ ಕಟ್ಟಿದರೆ ತಗ್ಗಿನ ಕಡೆಯಿಂದ ಅಲೆ ಒಳಗೆ ನುಗ್ಗಿ ಬೋಟು ಮುಳುಗಿದ ಪ್ರಸಂಗಗಳು ಎಷ್ಟೋ ಇವೆ.

ಗ್ರೂಪರ್, ಸ್ನ್ಯಾಪರ್ ತರದ ಮೀನು ತಾಗಿದರೆ ಮೊದಲ ಕೆಲವು ಸೆಕೆಂಡೇ ನಿರ್ಣಾಯಕ. ಅದು ಬಂಡೆಯ ಸಂದಿಗೆ ನುಗ್ಗುವ ಮೊದಲು ತಳದಿಂದ ಮೇಲೆತ್ತಬೇಕು. ಆಮೇಲೆ ಅವಸರ ಬೇಡ. ರಾಡನ್ನು ನಿಧಾನ ಎತ್ತಿ, ತಗ್ಗಿಸುವಾಗ ಸುತ್ತಿ. ಮೀನು ದಾರ ಎಳೆದುಕೊಂಡು ಹೋಗುತ್ತಿರುವಾಗ ರೀಲ್ ಸುತ್ತಬೇಡಿ, ದಾರ ಸುಮ್ನೆ ಮುರುಚಿಕೊಳ್ಳುತ್ತದೆ. ಮೀನು ಬೋಟಿನ ಹತ್ತಿರ ಬಂದಾಗ ರಾಡನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿಯುವವರಿದ್ದಾರೆ. ಕಾರ್ಬನ್ ರಾಡುಗಳು ಮುರಿಯುವುದು ಹಾಗೇ. ಮೀನು ಬೋಟಿನಡಿ ನುಗ್ಗಿದರೆ ರಾಡಿನ ತುದಿಯನ್ನು ನೀರೊಳಗೆ ಇಳಿಸಿ, ಮೂತಿಯನ್ನೋ ಎಂಜಿನ್ನನ್ನೋ ಸುತ್ತಿ ಆಚೆ ಬದಿಗೆ ನಡೆಯಿರಿ. ರಾಡನ್ನು ಬೋಟಿನ ಅಂಚಿಗೆ ಒರಗಿಸಬೇಡಿ.

ಪ್ರಶ್ನೆ: ದೊಡ್ಡ ಮೀನು ತಾಗಿ ಸುಸ್ತಾದರೆ ರಾಡನ್ನು ಗೆಳೆಯರಿಗೆ ಕೊಡಬಹುದಾ?

ಉತ್ತರ: ಖುಷಿಗೆ ಹಿಡಿಯುವಾಗ ಧಾರಾಳವಾಗಿ ಕೊಡಿ. ದಾಖಲೆಗೆ ಮಾತ್ರ ನಡೆಯುವುದಿಲ್ಲ. 1939ರಲ್ಲಿ ಶುರುವಾದ, ಗಾಳದ ಮೀನಿನ ವಿಶ್ವ ದಾಖಲೆ ಇಡುವ ಐಜಿಎಫ್‌ಎ ಸಂಸ್ಥೆಯ ನಿಯಮದ ಪ್ರಕಾರ ಮೀನು ತಾಗಿದಾಗಿನಿಂದ ಬೇರೆ ಯಾರೂ ರಾಡ್, ರೀಲ್, ದಾರ ಮುಟ್ಟಬಾರದು. ಲೀಡರ್ ಕೈಗೆ ಸಿಕ್ಕಾಗ ಮಾತ್ರ ಇನ್ನೊಬ್ಬರು ಹಿಡಿಯಬಹುದು. 1953ರಲ್ಲಿ ಪೆರುವಿನ ಕಾಬೊ ಬ್ಲಾಂಕೊ ಬಳಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡ್, ಅಂದರೆ 707 ಕಿಲೊ ತೂಕದ ಬ್ಲ್ಯಾಕ್ ಮಾರ್ಲಿನ್ ದಶಕಗಟ್ಟಲೆ ದಾಖಲೆಯಾಗಿ ನಿಂತಿದೆ.

ಪ್ರಶ್ನೆ: ಆಳದಿಂದ ಎಳೆದ ಮೀನು ಹೊಟ್ಟೆ ಉಬ್ಬಿಸಿಕೊಂಡು, ಬಾಯಿಂದ ಏನೋ ಹೊರಗೆ ಬಂದು ತೇಲುತ್ತಿತ್ತು. ಚಿಕ್ಕದು ಅಂತ ವಾಪಸ್ ಬಿಟ್ಟೆ, ಒಳಗೆ ಹೋಗಲೇ ಇಲ್ಲ. ಸತ್ತು ಹೋಯಿತಾ?

ಉತ್ತರ: ಹಾಗೇ ಬಿಟ್ಟರೆ ಹೆಚ್ಚಾಗಿ ಬದುಕುವುದಿಲ್ಲ. ನೀವು ಕೇಳಿದ್ದಕ್ಕೆ ತುಂಬಾ ಸಂತೋಷ, ಯಾಕೆಂದರೆ ಇದಕ್ಕೆ ದಾರಿ ಇದೆ. ಮೀನಿನೊಳಗೆ ಗಾಳಿ ಚೀಲ ಇರುತ್ತದೆ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿಗಿಂತ ನಾಲ್ಕು ಪಟ್ಟು. ಅಲ್ಲಿಂದ ಮೇಲೆ ಬಂದಾಗ ಆ ಗಾಳಿ ನಾಲ್ಕು ಪಟ್ಟು ಹಿಗ್ಗುತ್ತದೆ. ಬಾಯಿಂದ ಹೊರಗೆ ಬಂದದ್ದು ಅದರ ಹೊಟ್ಟೆ, ಗಾಳಿ ಚೀಲ ಅಲ್ಲ. ಅದನ್ನು ಚುಚ್ಚಲೇಬೇಡಿ.

ಮಾಡಬೇಕಾದದ್ದು ಮೀನನ್ನು ಮತ್ತೆ ಕೆಳಗೆ ಕಳಿಸುವುದು. ಡಿಸೆಂಡಿಂಗ್ ಡಿವೈಸ್ ಅಂತ ಸಿಗುತ್ತದೆ. ಭಾರ ಕಟ್ಟಿದ ಕ್ಲಿಪ್ ಅದು, ಮೀನಿನ ಕೆಳದವಡೆಗೆ ಸಿಕ್ಕಿಸಿ ಇಳಿಸಿದರೆ ಆಳದಲ್ಲಿ ಬಿಟ್ಟುಬಿಡುತ್ತದೆ. ಅದಿಲ್ಲದಿದ್ದರೆ ತೂತಿರುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಮಾಡಿ, ಅಂಚಿಗೆ ಭಾರ, ಮೇಲಕ್ಕೆ ಹಗ್ಗ ಕಟ್ಟಿ ಮೀನಿನ ಮೇಲೆ ಮುಚ್ಚಿ ಇಳಿಸಿ. ಹಿಗ್ಗಿದ ಗಾಳಿ ಆಳದಲ್ಲಿ ಮತ್ತೆ ಕುಗ್ಗುತ್ತದೆ, ಮೀನು ತಾನೇ ಈಜಿ ಹೋಗುತ್ತದೆ. ಇದನ್ನೆಲ್ಲ ಮೊದಲೇ ರೆಡಿ ಇಟ್ಟುಕೊಳ್ಳಿ, ಮೀನು ನೀರಿನ ಹೊರಗಿರುವ ಪ್ರತಿ ನಿಮಿಷವೂ ಅದಕ್ಕೆ ಭಾರ. ಮುಟ್ಟುವ ಮೊದಲು ಕೈ ಒದ್ದೆ ಮಾಡಿ, ಇಲ್ಲವಾದರೆ ಅದರ ಲೋಳೆ ಪೊರೆ ಕಿತ್ತು ಬರುತ್ತದೆ. ಹೊಟ್ಟೆಯ ಕೆಳಗೆ ಕೈಕೊಟ್ಟು ಅಡ್ಡವಾಗಿ ಹಿಡಿಯಿರಿ, ಕಿವಿರಿಗೆ ಬೆರಳು ಹಾಕಿ ನೇತಾಡಿಸಬೇಡಿ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಚಿಕ್ಕ ಮೀನೇ ಬರುತ್ತಿದ್ದರೆ ಬೋಟನ್ನು ಬೇರೆ ಕಡೆ ತಿರುಗಿಸಿ.

ಪ್ರಶ್ನೆ: ತೊರಕೆ ಮೀನಿನ ಮುಳ್ಳು ಚುಚ್ಚಿದರೆ ತಕ್ಷಣ ಏನು ಮಾಡಬೇಕು?

ಉತ್ತರ: ಕೈಕಾಲಿಗೆ ಚುಚ್ಚಿದ್ದರೆ ತಡೆಯುವಷ್ಟು ಬಿಸಿ, ಸುಮಾರು 45 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ವಿಷ ಬಿಸಿಗೆ ಸೊರಗುತ್ತದೆ, ನೋವು ಇಳಿಯುತ್ತದೆ. ನೋವಿಗೆ ಬಿಸಿ ಗೊತ್ತಾಗದೆ ಚರ್ಮ ಸುಡಬಹುದು, ಹಾಗಾಗಿ ನೀರಿನ ಬಿಸಿಯನ್ನು ಇನ್ನೊಬ್ಬರು ಕೈಯಿಟ್ಟು ನೋಡಲಿ. ನಂತರ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಟಿಟಿ ಇಂಜೆಕ್ಷನ್ನೂ ಬೇಕಾಗಬಹುದು. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ್ದರೆ ಮುಳ್ಳನ್ನು ಕೀಳದೆ ಹಾಗೇ ಆಸ್ಪತ್ರೆಗೆ ಓಡಿ. ಮರಳಿನ ನೀರಿನಲ್ಲಿ ನಡೆಯುವಾಗ ಕಾಲೆತ್ತಿ ಇಡದೆ ಎಳೆದುಕೊಂಡು ನಡೆದರೆ ತೊರಕೆ ಮೊದಲೇ ಸರಿದುಕೊಳ್ಳುತ್ತದೆ.

ಪ್ರಶ್ನೆ: ಹೊಸ ರೀಲು ಒಂದೇ ವರ್ಷಕ್ಕೆ ಕರಕರ ಅನ್ನುತ್ತಿದೆ. ಪ್ರತಿ ಸಲ ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ತೊಳೆಯುತ್ತೇನೆ.

ಉತ್ತರ: ಆ ಜೋರು ನೀರೇ ಉಪ್ಪನ್ನೂ ಮರಳನ್ನೂ ಒಳಕ್ಕೆ ತಳ್ಳಿದೆ. ಡ್ರ್ಯಾಗನ್ನು ಪೂರ್ತಿ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ಉಪ್ಪು ಕರಗಲು ಬಿಡಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ. ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಹ್ಯಾಂಡಲ್ ಮತ್ತು ದಾರ ಓಡುವ ರೋಲರ್‌ಗೆ ಒಂದೊಂದು ಹನಿ ರೀಲ್ ಎಣ್ಣೆ ಹಾಕಿ. ಕೊನೆಗೆ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ ಇಡಿ, ಬಿಗಿಯಾಗೇ ಬಿಟ್ಟರೆ ಒಳಗಿನ ವಾಷರ್‌ಗಳು ಒತ್ತಿ ಅಂಟಿಕೊಳ್ಳುತ್ತವೆ. ಈಗಾಗಲೇ ಕರಕರ ಅನ್ನುತ್ತಿರುವುದನ್ನು ಹಾಗೇ ಬಳಸಬೇಡಿ, ಬಿಚ್ಚಿಸಿ ಬೇರಿಂಗ್ ನೋಡಿಸಿ. ರಾಡಿನ ರಿಂಗುಗಳ ಒಳಗೆ ಹತ್ತಿ ಉಜ್ಜಿ ನೋಡುವುದನ್ನೂ ಮರೆಯಬೇಡಿ. ಎಳೆ ಸಿಕ್ಕಿಕೊಂಡರೆ ಆ ರಿಂಗು ಬಿರುಕು ಬಿಟ್ಟಿದೆ, ಅದು ಬ್ರೇಡನ್ನು ಕುಯ್ಯುತ್ತದೆ.